ಮೆಟ್ಟಿಲಡಿಯ ಲ್ಯಾಬು

ಭದ್ರಾವತಿಯ ಜನ್ನಾಪುರದಲ್ಲಿರುವ ಶಾಮಲಾಗೆ ಶಿವಮೊಗ್ಗದ ಅರ್ಧ ಊರಿನ ಜೊತೆ ರಕ್ತಸಂಬಂಧವಿದೆ. ಹನ್ನೊಂದು ವರ್ಷದಿಂದ ಆಕೆ ದುರ್ಗಿಗುಡಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುತ್ತಾಳೆ. ಬೆಳಿಗ್ಗೆ ಐದು ನಲವತ್ತರ ಬಸ್ಸು ಹತ್ತಿದರೆ ಏಳಕ್ಕೆ ಮೊದಲ ಸೂಜಿ. ನರರಲ್ಲಿ ನರ ಹುಡುಕುವುದು ಸುಲಭವಲ್ಲ. ದಪ್ಪಗಿದ್ದವರಲ್ಲಿ ಅದು ಅಡಗಿರುತ್ತದೆ, ತೆಳ್ಳಗಿದ್ದವರಲ್ಲಿ ಜಾರಿಕೊಳ್ಳುತ್ತದೆ, ಪೊಲೀಸಿನವರಲ್ಲಿ ಸೂಜಿ ಕಂಡ ಕೂಡಲೇ ತಲೆಮರೆಸಿಕೊಳ್ಳುತ್ತದೆ. ಆದರೂ ಶಾಮಲಾ ಎರಡನೇ ಸಲ ಚುಚ್ಚಿದ್ದು ಅಪರೂಪ.

ಸೂಜಿಗಿಂತ ಹರಿತವಾದದ್ದು ಆಕೆಯ ಪ್ರಶ್ನೆ. ನಮ್ಮ ಕಡೆ ಹಿರಿಯರಿಗೆ ಒಂದು ಅಭ್ಯಾಸವಿದೆ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಲ್ಲ, ಹೇಗೂ ಉಪವಾಸ ಎಂದು ಏಕಾದಶಿಯ ದಿನವೇ ಹೋಗುತ್ತಾರೆ. ಅಂದು ಲ್ಯಾಬಿನಲ್ಲಿ ನೂಕುನುಗ್ಗಲು. ತೊಂದರೆ ಏನೆಂದರೆ ನಮ್ಮ ಉಪವಾಸಕ್ಕೆ ಅದರದೇ ಆದ ಊಟವಿದೆ.

"ರಾತ್ರಿಯಿಂದ ಏನೂ ತಿಂದಿಲ್ವಾ ಸಾರ್?" ಎಂದು ನಿವೃತ್ತ ಮೇಷ್ಟ್ರು ನರಸಿಂಹಮೂರ್ತಿಗಳನ್ನು ಆಕೆ ಒಮ್ಮೆ ಕೇಳಿದಳು.

"ಏಕಾದಶಿ ಅಲ್ವೇನಮ್ಮಾ. ಏನೂ ಇಲ್ಲ."

"ಅವಲಕ್ಕಿ?"

"ಅದು ಫಲಾಹಾರ. ಒಂದು ಹಿಡಿ. ಸ್ವಲ್ಪ ಬೆಲ್ಲ ಹಾಕಿದ್ರು."

"ಯಾವಾಗ?"

"ಈಗ ಬರೋ ಮುಂಚೆ."

"ಕಾಫಿ?"

"ಕಾಫಿ ನೀರಿನ ಲೆಕ್ಕ."

ಶಾಮಲಾ ಮೇಷ್ಟ್ರ ಅಂಗಿಯ ತೋಳನ್ನು ತಾನೇ ಕೆಳಗಿಳಿಸಿ, "ನಾಳೆ ದ್ವಾದಶಿ ಬನ್ನಿ ಸಾರ್, ಪಾರಣೆಗೆ ಮುಂಚೆ" ಎಂದು ಕಳಿಸಿದಳು.

ಇಂಥ ಕಥೆಗಳೆಲ್ಲ ಮಧ್ಯಾಹ್ನದ ಬಸ್ಸಿನಲ್ಲಿ ಆಕೆಯೊಂದಿಗೆ ಜನ್ನಾಪುರಕ್ಕೆ ಬರುತ್ತವೆ. ನಾಲ್ಕು ಗಂಟೆಗೆ ಮಗಳು ಶರಣ್ಯಾ ಶಾಲೆಯಿಂದ ಬಂದು, ಯೂನಿಫಾರ್ಮ್ ಕೂಡ ಬಿಚ್ಚದೆ, ಚಕ್ಕುಲಿ ಡಬ್ಬ ಮುಂದಿಟ್ಟುಕೊಂಡು ಕೂರುತ್ತಾಳೆ. ಐದನೇ ಕ್ಲಾಸು, ಹತ್ತು ವರ್ಷ. ಅವಳ ಪಕ್ಕದಲ್ಲಿ ಅಜ್ಜಿ ವಿಮಲಮ್ಮ. "ಇವತ್ತು ಯಾರು ಸುಳ್ಳು ಹೇಳಿದ್ರು ಕಣೆ?" ಎಂದು ಸೊಸೆಯನ್ನು ಕೇಳುವುದು ಅಜ್ಜಿಯೇ. ಶಾಮಲಾ ನಟಿಸಿ ತೋರಿಸುತ್ತಾಳೆ. ಟೀವಿ ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡಿರುತ್ತದೆ.

ಬೆಳಗಿನ ಪಾಳಿ ಗಂಡ ಮಧುಸೂದನನದು. ಬಸ್‌ಸ್ಟಾಪಿನ ಹತ್ತಿರ ಅವನ ಜೆರಾಕ್ಸ್ ಅಂಗಡಿಯಿದೆ, ಬಾಗಿಲು ತೆಗೆಯುವುದು ಹತ್ತಕ್ಕೆ. ಅಷ್ಟರೊಳಗೆ ಮಗಳನ್ನು ಎಬ್ಬಿಸಿ, ಉಪ್ಪಿಟ್ಟು ಕೆದಕಿ, ಎರಡು ಜಡೆ ಹಾಕಿ ವ್ಯಾನು ಹತ್ತಿಸುತ್ತಾನೆ. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕಿವಿಯ ಕೆಳಗೆ. ಜೀವಮಾನವೆಲ್ಲ ಜೆರಾಕ್ಸ್ ಮಾಡಿದರೂ ಎರಡು ಜಡೆ ಒಂದೇ ಥರ ತೆಗೆಯಲು ಅವನಿಗೆ ಬಂದಿಲ್ಲ.

ಹೀಗೆ ಸಾಗುತ್ತಿದ್ದ ಸಂಸಾರಕ್ಕೆ ಒಂದು ಸೋಮವಾರ ಬಡ್ತಿಯ ಯೋಗ ಬಂತು. ಲ್ಯಾಬಿನ ಮಾಲೀಕರಾದ ಡಾಕ್ಟರ್ ಉಮಾಮಹೇಶ್ವರ ವಿನೋಬನಗರದಲ್ಲಿ ಹೊಸ ಶಾಖೆ ತೆರೆಯುವವರಿದ್ದರು. "ನೀನೇ ಇನ್‌ಚಾರ್ಜ್ ಆಗಮ್ಮಾ. ನಾಲ್ಕು ಹುಡುಗೀರು ನಿನ್ನ ಕೈ ಕೆಳಗೆ. ಮನೆಗೆ ಹೋಗೋದು ಒಂದು ಗಂಟೆ ಲೇಟಾಗುತ್ತೆ. ಶನಿವಾರದೊಳಗೆ ಹೇಳು" ಎಂದರು. ಶಾಮಲಾ ಮನಸ್ಸಿನಲ್ಲಿ ಆಗಲೇ ಹೂಂ ಅಂದಾಗಿತ್ತು. ಬಾಯಿಂದ ಅನ್ನುವುದಕ್ಕೆ ಶನಿವಾರದವರೆಗೆ ಕಾಯುವುದು ಮರ್ಯಾದೆ ಎಂದು ಸುಮ್ಮನಿದ್ದಳು.

ಬುಧವಾರ ಸಂಜೆ ಐದನೇ ಕ್ಲಾಸಿನ ಪೋಷಕರ ವಾಟ್ಸ್ಆ್ಯಪ್ ಗ್ರೂಪು ಹೊತ್ತಿಕೊಂಡಿತು.

ಮೊದಲ ಕಿಡಿ ಗುರುಪ್ರಸಾದ್ ಎಂಬುವರದು. ಶುಕ್ರವಾರ ಶಾಲೆಯಲ್ಲಿ ಮಕ್ಕಳಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕುತ್ತಾರೆಂದು ಚೀಟಿ ಬಂದಿತ್ತು, ಕೆಳಗೆ ಪೋಷಕರ ಸಹಿ ಬೇಕಿತ್ತು. "ನಾನಿನ್ನೂ ಸಹಿಯೇ ಹಾಕಿಲ್ಲ, ಎರಡು ದಿನ ಮುಂಚೆ ನನ್ನ ಮಗನಿಗೆ ಹೇಗೆ ಚುಚ್ಚಿದಿರಿ?" ಎಂದು ಅವರು ಫೋಟೋ ಸಮೇತ ಕೇಳಿದ್ದರು. ಫೋಟೋದಲ್ಲಿ ಮೊಣಕೈ ಮಡಚುವ ಜಾಗದಲ್ಲಿ ಹತ್ತಿಯ ಉಂಡೆ, ಅದರ ಮೇಲೆ ಅಚ್ಚುಕಟ್ಟಾದ ಬಿಳಿ ಟೇಪು. ಹತ್ತು ನಿಮಿಷದಲ್ಲಿ ಅಂಥದ್ದೇ ಹದಿನಾಲ್ಕು ಕೈಗಳು ಗ್ರೂಪಿನಲ್ಲಿ ಚಾಚಿಕೊಂಡವು. ಒಬ್ಬರು ರಕ್ತ ಕದ್ದಿದ್ದಾರೆ ಅಂದರು. ಇನ್ನೊಬ್ಬರು ಕಿಡ್ನಿಯವರೆಗೂ ಹೋದರು.

ಶಾಮಲಾ ಫೋಟೋ ದೊಡ್ಡದು ಮಾಡಿ ನೋಡಿದಳು. ಟೇಪಿನ ಒಂದು ತುದಿಯನ್ನು ಬೇಗ ಕೀಳಲು ಬರಲೆಂದು ಒಳಕ್ಕೆ ಮಡಚಲಾಗಿತ್ತು. ಹಾಗೆ ಮಡಚುವವರು ಲ್ಯಾಬಿನಲ್ಲಿ ಆಕೆ ಒಬ್ಬಳೇ. ಎದ್ದು ಹೋಗಿ ತನ್ನ ಕೈಚೀಲ ತಡಕಿದಳು. ಹತ್ತಿಯ ಸುರುಳಿ ಅರ್ಧವಾಗಿತ್ತು.

ಶರಣ್ಯಾ ಏನನ್ನೂ ಮುಚ್ಚಿಡಲಿಲ್ಲ. ಊಟದ ಬಿಡುವಿನಲ್ಲಿ ಶಾಲೆಯ ಮೆಟ್ಟಿಲ ಕೆಳಗೆ ಅವಳೇ ಲ್ಯಾಬು ತೆರೆದಿದ್ದಳು. ಗೆಳತಿ ಅತೀಕಾ ಟೋಕನ್ ಕೊಡುವವಳು. ತೋಳಿಗೆ ರಿಬ್ಬನ್ ಕಟ್ಟುವುದು, ಮುಷ್ಟಿ ಹಿಡಿಸುವುದು, ರೀಫಿಲ್ ಇಲ್ಲದ ಪೆನ್ನು ಮುಟ್ಟಿಸುವುದು, ಹತ್ತಿ ಇಟ್ಟು ಟೇಪು ಹಾಕುವುದು. ಯಾರಿಗೂ ಏನೂ ಚುಚ್ಚಿರಲಿಲ್ಲ.

ಮರುದಿನ ಬೆಳಿಗ್ಗೆ ಶಾಮಲಾ ಯಾರದೋ ತೋಳಿಗೆ ಪಟ್ಟಿ ಕಟ್ಟುತ್ತಿದ್ದಾಗ, ಮಕ್ಕಳನ್ನು ವಿಚಾರಿಸಿಕೊಂಡಿದ್ದ ಹೆಡ್ಮಿಸ್ ಶ್ರೀಗೌರಿಯವರ ಫೋನು ಬಂತು. "ನಾಳೆ ಹತ್ತೂವರೆಗೆ ಇಬ್ರೂ ಬನ್ನಿ. ಮಗು ಏಳೋ ಹೊತ್ತಿಗೆ ತಾಯಿ ಮನೇಲಿಲ್ಲ ಅಂದ್ರೆ ಹೀಗೆಲ್ಲ ಆಗತ್ತೆ ಶಾಮಲಾ ಅವ್ರೇ. ಬಿಹೇವಿಯರ್ ಪ್ರಾಬ್ಲಮ್ ಇದು. ನೀವೇ ಯೋಚನೆ ಮಾಡಿ."

ಶಾಮಲಾ ಯೋಚನೆ ಮಾಡಿದಳು. ಅವತ್ತು ಒಬ್ಬರಿಗೆ ಎರಡು ಸಲ ಚುಚ್ಚಿದಳು. ಬಸ್ಸಿನಲ್ಲಿ ಬರುತ್ತಾ, ಮಗಳು ಹುಟ್ಟಿದಾಗಿನಿಂದ ಎಷ್ಟು ಬೆಳಗು ತಾನು ಅವಳ ಮುಖ ನೋಡಿಲ್ಲ ಎಂದು ಎಣಿಸಲು ಹೊರಟು, ಮಾಚೇನಹಳ್ಳಿ ಬರುವಷ್ಟರಲ್ಲಿ ಕೈಬಿಟ್ಟಳು. ಸಂಜೆ ಚಕ್ಕುಲಿ ಡಬ್ಬ ಹೊರಗೆ ಬರಲಿಲ್ಲ.

"ರೀ, ಒಂದು ರಾಜೀನಾಮೆ ಟೈಪ್ ಮಾಡ್ಕೊಂಡು ಬನ್ನಿ" ಎಂದು ಗಂಡನಿಗೆ ಹೇಳಿದಳು. "ಇನ್‌ಚಾರ್ಜೂ ಬೇಡ, ಇರೋ ಕೆಲಸನೂ ಬೇಡ."

"ಪ್ರಿಂಟರಲ್ಲಿ ಇಂಕ್ ಇಲ್ಲ" ಎಂದ ಮಧುಸೂದನ. ಇಂಕು ಆ ಬೆಳಿಗ್ಗೆಯಷ್ಟೇ ತುಂಬಿಸಿದ್ದ.

"ಕೈಯಲ್ಲೇ ಬರೀತೀನಿ ಬಿಡಿ."

ಹೆಸರಿನಲ್ಲೇ ರಾಜಿ ಇದ್ದರೂ ಆ ಪತ್ರಕ್ಕೆ ಮನೆಯಲ್ಲಿ ಯಾರೂ ರಾಜಿಯಾಗಲಿಲ್ಲ. ಹುರುಳಿಕಾಯಿ ಬಿಡಿಸುತ್ತಿದ್ದ ವಿಮಲಮ್ಮ ತಲೆ ಎತ್ತದೆಯೇ ಕೇಳಿದರು. "ಯಾಕೆ ಬಿಡ್ತೀಯೇ?"

"ನಾನು ಮನೇಲಿದ್ದಿದ್ರೆ ಹೀಗಾಗ್ತಿರ್ಲಿಲ್ಲ ಅತ್ತೆ."

"ನಾನು ಮನೇಲೇ ಇದ್ದೆ ಕಣೆ, ನಲವತ್ತು ವರ್ಷ. ಬಾಗಿಲು ದಾಟ್ತಿದ್ದದ್ದು ಹಾಲು ತರೋದಕ್ಕೆ ಮಾತ್ರ. ನಿನ್ನ ಗಂಡ ಐದನೇ ಕ್ಲಾಸಲ್ಲಿ ಪಕ್ಕದ ಕ್ವಾರ್ಟರ್ಸ್ ಕೋಳಿಗೆಲ್ಲ ಹಸಿರು ಪೇಂಟ್ ಬಳಿದು ಬಂದ. ಏಳು ಕೋಳಿ. ಆಗ ನಾನು ಯಾವ ಕೆಲಸಕ್ಕೆ ರಾಜೀನಾಮೆ ಕೊಡಬೇಕಿತ್ತು ಹೇಳು."

ಮಧುಸೂದನ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದ. "ಆರು ಕೋಳಿ" ಎಂದು ಪೇಪರಿನ ಹಿಂದಿನಿಂದ ತಿದ್ದುಪಡಿ ಬಂತು.

ಶಾಮಲಾಗೆ ನಗು ಬಂದರೂ ಮನಸ್ಸು ಹಗುರಾಗಲಿಲ್ಲ. ಪತ್ರ ಬರೆದು ಕೈಚೀಲದಲ್ಲಿ, ಉಳಿದ ಹತ್ತಿಯ ಪಕ್ಕದಲ್ಲಿ ಇಟ್ಟುಕೊಂಡಳು.

ಶುಕ್ರವಾರ ಅರ್ಧ ದಿನ ರಜೆ ಹಾಕಿ, ಗಂಡನೊಂದಿಗೆ ಶಾಲೆಗೆ ಹೋದಳು. ಶ್ರೀಗೌರಿಯವರು ಕೆಟ್ಟವರಲ್ಲ. ಎರಡು ದಿನದಿಂದ ಹದಿನೈದು ಮನೆಯವರ ಬೈಗುಳ ತಿಂದು ಹೊಟ್ಟೆ ತುಂಬಿತ್ತು ಅಷ್ಟೆ.

"ನೋಡಿ, ಟ್ರೈನಿಂಗಲ್ಲಿ ನಮಗೆ ಹೇಳಿಕೊಟ್ಟಿದಾರೆ. ಇದಕ್ಕೆ ಅಟೆನ್ಶನ್ ಸೀಕಿಂಗ್ ಅಂತಾರೆ. ತಾಯಿ ಹೊರಗಡೆ ದುಡಿಯೋ ಮನೇಲಿ..."

ಮೇಜಿನ ಮೇಲಿದ್ದ ಅವರ ಫೋನು ಬಡಿದುಕೊಂಡಿತು. "ಏನೋ? ಉಪ್ಪಿನಕಾಯಿ ಜಾಡಿ ಮೇಲಿನ ಶೆಲ್ಫಲ್ಲಿದೆ. ಸ್ಟೂಲ್ ಹಾಕ್ಕೊ. ಬೀಳ್ಬೇಡ." ಇಟ್ಟುಬಿಟ್ಟು, "ಮಗ. ಪರೀಕ್ಷೆಗೆ ಓದ್ಕೊಳ್ಳೋ ರಜಾ" ಎಂದರು. ಅಲ್ಲಿಂದ ಮುಂದೆ ವಾಕ್ಯ ಯಾಕೋ ಮುಂದುವರಿಯಲಿಲ್ಲ. ಶಾಮಲಾ ಮೇಜಿನ ಗಾಜಿನಡಿಯ ವೇಳಾಪಟ್ಟಿ ಓದುತ್ತಾ ಕೂತಳು.

ಶರಣ್ಯಾಳನ್ನು ಕರೆಸಿದರು. "ಯಾಕಮ್ಮಾ ಹಾಗೆ ಮಾಡ್ದೆ?" ಎಂದು ಹೆಡ್ಮಿಸ್ ಕೇಳಿದರು.

"ಇಂಜೆಕ್ಷನ್ ಅಂತ ಎಲ್ರೂ ಅಳ್ತಿದ್ರು ಮಿಸ್. ಹೋದ ವರ್ಷ ನಾಲ್ಕು ಜನ ಟಾಯ್ಲೆಟ್ಟಲ್ಲಿ ಚಿಲಕ ಹಾಕ್ಕೊಂಡಿದ್ರಲ್ಲ. ನಮ್ಮಮ್ಮ ಅಳೋರಿಗೆ ಮೊದ್ಲು ಸುಮ್ನೆ ಎಲ್ಲಾ ಮಾಡಿ ತೋರಿಸ್ತಾಳೆ, ಸೂಜಿ ಇಲ್ದೆ. ಆಮೇಲೆ ಅವ್ರು ಅಳಲ್ಲ. ನಾನೂ ತೋರಿಸ್ದೆ."

ಹೆಡ್ಮಿಸ್ ಏನಾದರೂ ಹೇಳುವ ಮೊದಲೇ ಆರೋಗ್ಯ ಕೇಂದ್ರದ ಹುಚ್ಚಮ್ಮ ಸಿಸ್ಟರ್ ಔಷಧಿ ಪೆಟ್ಟಿಗೆ ಹಿಡಿದು ಒಳಗೆ ಬಂದರು. "ಟಾಯ್ಲೆಟ್ಟಿಗೆಲ್ಲ ಬೀಗ ಹಾಕಿಸಿದೀರಾ ಮೇಡಂ?" ಎಂಬುದು ಅವರ ನಮಸ್ಕಾರ.

ಎಲ್ಲರೂ ಐದನೇ ಕ್ಲಾಸಿಗೆ ಹೋದರು. ಅಲ್ಲಿ ಮೂವತ್ತೊಂದು ಮಕ್ಕಳು ಗೋಡೆಯ ಪಕ್ಕ ಸಾಲಾಗಿ ನಿಂತಿದ್ದರು. ಗುರುಪ್ರಸಾದ್ ಅವರ ಮಗನೂ ಇದ್ದ. ಏನೂ ಚುಚ್ಚಿಲ್ಲವೆಂದು ತಿಳಿದ ಮೇಲೆ ಅಪ್ಪ ಸಹಿ ಹಾಕಿದ್ದರು. ಎಲ್ಲರ ಅಂಗಿಯ ತೋಳೂ ಮೇಲಕ್ಕೆ ಮಡಚಿತ್ತು, ಮುಷ್ಟಿ ಬಿಗಿದಿತ್ತು, ಕೈಯಲ್ಲಿ ಟೋಕನ್ ಇತ್ತು. ಮೊದಲನೆಯ ಹುಡುಗಿ ಬಂದು ಮೊಣಕೈಯ ಒಳಭಾಗ ಚಾಚಿದಳು.

"ಅಲ್ಲಲ್ಲ ಪುಟ್ಟಿ, ಇದು ಭುಜಕ್ಕೆ" ಎಂದರು ಸಿಸ್ಟರ್. "ತಿಂಡಿ ಏನ್ ತಿಂದೆ?"

"ಏನೂ ಇಲ್ಲ ಸಿಸ್ಟರ್" ಎಂದಳು ಅವಳು, ಮೊದಲ ರ‍್ಯಾಂಕು ಬಂದವಳ ಹಾಗೆ. "ಹಾಲೂ ಕುಡಿದಿಲ್ಲ."

ಎರಡನೆಯವನೂ ಇಲ್ಲ. ಮೂರನೆಯವಳು ಒಂದು ಬಿಸ್ಕತ್ತು ತಿಂದದ್ದಕ್ಕೆ ಕ್ಷಮೆ ಕೇಳಿದಳು. ವಿಚಾರಿಸಿದರೆ, ಕ್ಲಾಸಿಗೆ ಕ್ಲಾಸೇ ಉಪವಾಸ. ಖಾಲಿ ಹೊಟ್ಟೆಯಲ್ಲೇ ಬರಬೇಕು, ಅವಲಕ್ಕಿಯೂ ಲೆಕ್ಕಕ್ಕೆ ಬರುತ್ತದೆ ಎಂದು ಶರಣ್ಯಾ ಕಟ್ಟುನಿಟ್ಟಾಗಿ ಹೇಳಿಕಳಿಸಿದ್ದಳು. ತಿಂಡಿಯನ್ನು ಮನೆಯವರ ಕಣ್ಣು ತಪ್ಪಿಸಿ ಡಬ್ಬಿಗೆ ತುಂಬಿಕೊಂಡು ಬಂದಿದ್ದರು.

"ಖಾಲಿ ಹೊಟ್ಟೇಲಿ ನಾನು ಒಬ್ರಿಗೂ ಹಾಕಲ್ಲ" ಎಂದು ಸಿಸ್ಟರ್ ಪೆಟ್ಟಿಗೆ ಮುಚ್ಚಿ ಕೂತರು.

ಶಾಮಲಾ ಸೆರಗು ಸಿಕ್ಕಿಸಿಕೊಂಡಳು. ಡಬ್ಬಿಗಳೆಲ್ಲ ತೆರೆದವು. ಇಡ್ಲಿ, ಚಿತ್ರಾನ್ನ, ಚಪಾತಿ, ಅತೀಕಾಳ ಮನೆಯ ಶ್ಯಾವಿಗೆ. ಹೆಡ್ಮಿಸ್ ಸಾಲಿನುದ್ದಕ್ಕೂ ನೀರು ಕೊಟ್ಟರು, ಮಧುಸೂದನ ಡಬ್ಬಿಯ ಮುಚ್ಚಳ ಬಿಗಿಯಾದವರಿಗೆ ತೆಗೆದುಕೊಟ್ಟ. ಶಾಮಲಾ ತಿನ್ನದವರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎರಡೆರಡು ತುತ್ತು ತಿನ್ನಿಸಿದಳು. ಅರ್ಧ ಗಂಟೆ ತಡವಾಗಿ ಚುಚ್ಚುಮದ್ದು ಶುರುವಾಯಿತು. ಒಬ್ಬೊಬ್ಬರೇ ಬಂದರು, ಭುಜ ಕೊಟ್ಟರು, ಹೋದರು. ಒಂದು ಅಳುವಿಲ್ಲ. ಹುಚ್ಚಮ್ಮ ಸಿಸ್ಟರ್ ಮಧ್ಯೆ ಎರಡು ಸಲ ತಲೆ ಎತ್ತಿ ನೋಡಿದರು, ಸೂಜಿ ಒಳಗೆ ಹೋಗುತ್ತಿದೆಯೋ ಇಲ್ಲವೋ ಎಂಬಂತೆ.

ಅತ್ತದ್ದು ಒಬ್ಬಳೇ. ಕೊನೆಯ ಟೋಕನ್ನಿನವಳು, ಲ್ಯಾಬಿನ ಒಡತಿ. ಸೂಜಿ ಕಂಡದ್ದೇ ಶರಣ್ಯಾ ಎರಡೂ ಕೈಯಿಂದ ಅಮ್ಮನ ಸೀರೆ ಹಿಡಿದುಕೊಂಡು ಹಿಂದಕ್ಕೆ ಸರಿದಳು.

"ಇಲ್ಲಿ ನೋಡು" ಎಂದಳು ಶಾಮಲಾ. "ಮುಷ್ಟಿ ಹಿಡಿ."

"ಇದಕ್ಕೆ ಮುಷ್ಟಿ ಬೇಡ್ವಂತೆ ಅಮ್ಮಾ" ಎಂದು ಶರಣ್ಯಾ ಬಿಕ್ಕುತ್ತಲೇ ತಿದ್ದಿದಳು. ಅಷ್ಟರಲ್ಲಿ ಸಿಸ್ಟರ್ ಮುಗಿಸಿದ್ದರು.

ಹೊರಡುವಾಗ ಶ್ರೀಗೌರಿಯವರು ಟ್ರೈನಿಂಗಿನ ಮಾತು ಎತ್ತಲಿಲ್ಲ. ಗ್ರೂಪಿಗೆ ಎಲ್ಲ ವಿವರವಾಗಿ ಬರೆಯುತ್ತೇನೆ ಎಂದರು. ಗೇಟಿನವರೆಗೂ ಬಂದು, "ನನ್ನ ಸಕ್ಕರೆ ಒಂದ್ಸಲ ನೋಡಿಸ್ಬೇಕು. ಯಾವಾಗ ಬರ್ಲಿ?" ಎಂದು ಕೇಳಿದರು.

"ಏಕಾದಶಿ ಬಿಟ್ಟು ಯಾವತ್ತಾದ್ರೂ ಬನ್ನಿ ಮೇಡಂ" ಎಂದಳು ಶಾಮಲಾ.

ಮಗಳಿಗೆ ಆ ದಿನದ ಮಟ್ಟಿಗೆ ರಜೆ ಸಿಕ್ಕಿತ್ತು. ಮಧುಸೂದನ ಅಂಗಡಿಯ ಕಡೆ ಹೋದ. ಅಮ್ಮ ಮಗಳು ನಡೆದುಕೊಂಡು ಮನೆಯ ದಾರಿ ಹಿಡಿದರು.

"ನಾನು ಕೆಲಸ ಬಿಟ್ಟು ಮನೇಲೇ ಇದ್ಬಿಡ್ಲಾ ಪುಟ್ಟಿ?"

"ಇದ್ಕೊಂಡು ಏನ್ ಮಾಡ್ತೀಯ?"

"ನಿನ್ನ ಎಬ್ಬಿಸ್ತೀನಿ. ಜಡೆ ಹಾಕ್ತೀನಿ. ತಿಂಡಿ ಕೊಡ್ತೀನಿ."

ಶರಣ್ಯಾ ಭುಜ ಉಜ್ಜಿಕೊಳ್ಳುತ್ತಾ ಸ್ವಲ್ಪ ದೂರ ಯೋಚಿಸಿದಳು. "ಆಮೇಲೆ ಸಾಯಂಕಾಲ ನಮಗೆ ಏನ್ ಹೇಳ್ತೀಯ?"

ಶಾಮಲಾ ಕೈಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

"ಸೋಮವಾರ ಮಾತ್ರ ಇರಮ್ಮ" ಎಂದಳು ಮಗಳು. "ಅವತ್ತು ಅಸೆಂಬ್ಲೀಲಿ ಉಗುರು, ಶೂ, ಜಡೆ ಎಲ್ಲಾ ನೋಡ್ತಾರೆ. ಅಪ್ಪಂಗೆ ಹೇಳ್ಬೇಡ, ಬೇಜಾರ್ ಮಾಡ್ಕೊಳ್ತಾರೆ."

ಶನಿವಾರ ಬೆಳಿಗ್ಗೆ ಲ್ಯಾಬಿನಲ್ಲಿ ಗಿರಾಕಿಗಳು ಕರಗಿದ ಮೇಲೆ ಶಾಮಲಾ ರಾಜೀನಾಮೆಯನ್ನು ಕೈಚೀಲದಲ್ಲೇ ಬಿಟ್ಟು ಡಾಕ್ಟರ ಕೋಣೆಗೆ ಹೋದಳು. "ವಿನೋಬನಗರ ನೋಡ್ಕೊಳ್ತೀನಿ ಸಾರ್. ಆದ್ರೆ ಸೋಮವಾರ ಮಾತ್ರ ಹತ್ತು ಗಂಟೆಗೆ ಬರ್ತೀನಿ."

"ಸೋಮವಾರವೇ ಯಾಕಮ್ಮಾ? ಭಾನುವಾರ ಹೋಳಿಗೆ ಹೊಡೆದವರೆಲ್ಲ ಹೆದರಿಕೊಂಡು ಅವತ್ತೇ ಬರೋದು."

"ಅವರು ಹತ್ತಕ್ಕೆ ಬಂದ್ರೂ ಸಕ್ಕರೆ ಅಷ್ಟೇ ಇರುತ್ತೆ ಸಾರ್. ಬೇಗ ಬಂದೋರ ರಕ್ತ ತೆಗೆಯೋದನ್ನ ಹುಡುಗೀರಿಗೆ ನಾನೇ ಹೇಳಿಕೊಡ್ತೀನಿ. ಸೋಮವಾರ ಆಗಲ್ಲ ಅಂದ್ರೆ ಬೇರೆಯವರನ್ನ ನೋಡಿ."

ಉಮಾಮಹೇಶ್ವರರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಈಕೆ ಕೇಳಿದ ಮೊದಲ ಷರತ್ತು ಇದು. "ಸರಿ ಮಾರಾಯ್ತಿ" ಎಂದು ಕನ್ನಡಕ ಹಾಕಿಕೊಂಡರು.

ಮೊದಲ ಸೋಮವಾರ ಬಂತು. ಶರಣ್ಯಾ ಕಣ್ಣು ಬಿಟ್ಟಾಗ ಅಮ್ಮ ಎದುರಿಗೆ ನಿಂತಿದ್ದಳು. ಇಬ್ಬರಿಗೂ ಖುಷಿಯೋ ಖುಷಿ. ಅದು ಆರೂ ಮುಕ್ಕಾಲರಿಂದ ಏಳು ಗಂಟೆಯವರೆಗೆ ನಡೆಯಿತು. ಆಮೇಲೆ ಹಲ್ಲು ಮತ್ತೊಮ್ಮೆ ಉಜ್ಜಿಸಿದ್ದಾಯಿತು, ಹಾಲಿನ ಕೆನೆ ತೆಗೆಯದೆ ಕುಡಿಸಿದ್ದಾಯಿತು, ಅಪ್ಪ ಎಂದೂ ನೋಡದ ಡ್ರಾಯಿಂಗ್ ಪುಸ್ತಕ, ಬ್ಯಾಗಿನ ತಳದ ಒಣಗಿದ ಬಾಳೆಹಣ್ಣಿನ ಸಿಪ್ಪೆ ಎಲ್ಲ ಬೆಳಕಿಗೆ ಬಂದವು. ಎರಡು ಜಡೆಯೂ ನೆಟ್ಟಗೆ, ಹುಬ್ಬು ಮೇಲಕ್ಕೇರುವಷ್ಟು ಬಿಗಿಯಾಗಿ ಕೂತವು.

ಎಂಟಕ್ಕೆ ಹತ್ತು ನಿಮಿಷವಿರುವಾಗ ಶರಣ್ಯಾ ಅಡುಗೆಮನೆಯ ಬಾಗಿಲಲ್ಲಿ ಅಪ್ಪನನ್ನು ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದಳು.

"ಅಮ್ಮನ ಬಸ್ಸು ಎಷ್ಟೊತ್ತಿಗಪ್ಪಾ?"

"ಒಂಬತ್ತಕ್ಕೆ" ಎಂದ ಮಧುಸೂದನ. ಒರೆಸಿದ ತಟ್ಟೆಯನ್ನೇ ಅವನು ಮೂರನೇ ಸಲ ಒರೆಸುತ್ತಿದ್ದ. "ಸ್ವಲ್ಪ ತಡ್ಕೋ."