ಗಾಳಿಯ ಜಾಡು ಹಿಡಿದ ದಾರದಕ್ಕ

ಬೆಳಗಿನ ಐದೂಮುಕ್ಕಾಲು. ಊರ ಹೊರಗಿನ ನೇರ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ರಸ್ತೆಬದಿಯಲ್ಲಿ ನಿಂತ ಎತ್ತರದ ಬೈಕಿನ ಮುಂದೆ ಮಂಡಿಯೂರಿದ ಹೆಂಗಸೊಬ್ಬರು ಕೆಂಪು ಉಲ್ಲನ್ ದಾರವನ್ನು ಬೆರಳುದ್ದಕ್ಕೆ ಕತ್ತರಿಸುತ್ತಿದ್ದಾರೆ. ವಯಸ್ಸು ಐವತ್ತರ ಹತ್ತಿರ, ಮೂಗಿನ ತುದಿಗೆ ಜಾರಿದ ಕನ್ನಡಕ. ಒಂದೊಂದೇ ತುಂಡನ್ನು ಬೈಕಿನ ವಿಂಡ್‌ಶೀಲ್ಡಿನ ಅಂಚಿಗೆ ಟೇಪು ಹಾಕಿ ಅಂಟಿಸುತ್ತಾರೆ. ಉಳಿದ ನಾಲ್ಕು ತುಂಡು ಪಕ್ಕದಲ್ಲಿ ನಿಂತ ಸವಾರನ ಹೆಲ್ಮೆಟ್ಟಿಗೆ. ಆ ಸವಾರ ಬೇರೆ ಯಾರೂ ಅಲ್ಲ, ಅವರ ಯಜಮಾನರೇ.

"ಈ ವಯಸ್ಸಲ್ಲಿ ನನಗೆ ಜುಟ್ಟು ಕಟ್ತಿದ್ದೀಯಲ್ಲೇ," ಎನ್ನುತ್ತಾರೆ ಅವರು.

"ಅಲ್ಲಾಡದೆ ನಿಂತ್ಕೊಳ್ಳಿ ಸುಮ್ನೆ. ಮತ್ತೆ ಇವತ್ತು ನಿಜ ಹೇಳ್ಬೇಕು. ಹಿಂದಿನ ಥರ ಎಲ್ಲಾ ಚೆನ್ನಾಗಿದೆ ಅಂದ್ರೆ ನೋಡಿ!" ಹೆಂಡತಿ ಕತ್ತರಿ ತೋರಿಸುತ್ತಾರೆ.

ಈ ಎಚ್ಚರಿಕೆ ತಮಾಷೆಯದಲ್ಲ. ಯಜಮಾನರದು ಸಣ್ಣ ಆಸ್ಪತ್ರೆಗಳಿಂದ ರಕ್ತದ ಮಾದರಿಗಳನ್ನು ಸಂಗ್ರಹಿಸಿ ಪ್ರಯೋಗಾಲಯಕ್ಕೆ ತಲುಪಿಸುವ ಕೆಲಸ. ದಿನಕ್ಕೆ ಇನ್ನೂರ ನಲವತ್ತು ಕಿಲೋಮೀಟರ್, ಅದೂ ಇಪ್ಪತ್ತೆರಡು ವರ್ಷದಿಂದ. ಹೋದ ವರ್ಷ ಪ್ರಯೋಗಾಲಯದವರು ಈ ಹೊಸ ಬೈಕು ಕೊಟ್ಟರು. ಅಂದಿನಿಂದ ವೇಗ ಅರವತ್ತು ದಾಟಿತೆಂದರೆ ಯಾರೋ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದ ಹಾಗಾಗುತ್ತದೆ. ಕತ್ತು ಸೆಟೆದುಕೊಳ್ಳುತ್ತದೆ, ಕಿವಿಯಲ್ಲಿ ದಿನವಿಡೀ ಗುಂಯ್‌ ಗುಂಯ್‌. ತಲೆ ಅಲುಗುವುದು ನಿಲ್ಲಬೇಕು, ಇಲ್ಲದಿದ್ದರೆ ಬೈಕು ಬಿಡಬೇಕು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ರಸ್ತೆಯೋ, ಪ್ರಯೋಗಾಲಯದ ಉಗ್ರಾಣದ ಕುರ್ಚಿಯೋ ಎಂಬುದನ್ನು ಯಜಮಾನರು ಸೋಮವಾರ ಅಲ್ಲಿ ತಿಳಿಸಬೇಕು. ಇವತ್ತು ಶನಿವಾರ. ಹೆಂಡತಿ ಮಾಡಿಕೊಟ್ಟ ಎರಡು ಶೀಲ್ಡು ಆಗಲೇ ಸೋತಿವೆ, ಇದು ಮೂರನೆಯದು.

ದಾರ ಕಟ್ಟಿಯಾದ ಮೇಲೆ ಹೆಂಡತಿ ಹಿಂದಿನ ಸೀಟಿಗೆ ಹತ್ತುತ್ತಾರೆ. ಗಂಡನ ಭುಜದ ಮೇಲಿಂದ ಇಣುಕುತ್ತ, ವೇಗ ಹೆಚ್ಚಿದ ಹಾಗೆ ದಾರಗಳನ್ನೇ ನೋಡುತ್ತಾರೆ. ದಾರ ಹಿಂದಕ್ಕೆ ನೆಟ್ಟಗೆ ಮಲಗಿದರೆ ಅಲ್ಲಿ ಗಾಳಿ ಸಲೀಸಾಗಿ ಹೋಗುತ್ತಿದೆ ಎಂದರ್ಥ. ಕುಣಿದಾಡಿದರೆ ಸುಳಿ ಎದ್ದಿದೆ, ತಲೆಗೆ ಬಡಿಯುವುದು ಅದೇ. ಇವತ್ತು ಎಲ್ಲ ದಾರಗಳೂ ಮಲಗಿವೆ, ಹೆಲ್ಮೆಟ್ಟಿನ ಎಡಗಡೆಯ ಒಂದನ್ನು ಬಿಟ್ಟು. ಬೈಕು ನಿಲ್ಲಿಸಿ ನೋಡಿದರೆ ಶೀಲ್ಡು ಕೂದಲೆಳೆಯಷ್ಟು ಓರೆಯಾಗಿ ಕೂತಿದೆ. ಎಡಗಡೆ ಸ್ಕ್ರೂ ಬಿಚ್ಚಿ ಒಂದು ವಾಷರು ಸೇರಿಸುತ್ತಾರೆ. ಮತ್ತೊಂದು ಸುತ್ತಿನಲ್ಲಿ ಅದೂ ತೆಪ್ಪಗಾಗುತ್ತದೆ.

ಹೀಗೆ ದಾರ ಕಟ್ಟಿ ಕಟ್ಟಿಯೇ ಅವರಿಗೆ 'ದಾರದಕ್ಕ' ಎಂಬ ಹೆಸರು ಬಿದ್ದಿದೆ. ದೂರದ ಸವಾರಿ ಮಾಡುವವರ ಬಾಯಲ್ಲಿ ಈ ಹೆಸರು ಓಡಾಡುತ್ತದೆಯೇ ಹೊರತು ಅವರ ಅಂಗಡಿಯ ಮುಂದೆ ಒಂದು ಬೋರ್ಡೂ ಇಲ್ಲ. ತಮಾಷೆಯೆಂದರೆ ಅಕ್ಕನ ಮೂಲ ಕಸುಬೇ ಬೋರ್ಡು ಮಾಡುವುದು! ತಂದೆಯಿಂದ ಕಲಿತದ್ದು. ಅಕ್ರಿಲಿಕ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಊರಿನ ಅರ್ಧ ಅಂಗಡಿಗಳಿಗೆ ಹೆಸರು ಹಚ್ಚಿದವರು. "ಊರಿಗೆಲ್ಲ ಬರೆದು ಬರೆದು ನಮ್ಮದು ಬರೆಯೋಕೆ ಪುರುಸೊತ್ತೇ ಆಗ್ಲಿಲ್ಲ," ಎಂದು ನಗುತ್ತಾರೆ.

ಶೀಲ್ಡಿನ ಗೀಳು ಹತ್ತಿದ್ದು ಎಂಟು ವರ್ಷದ ಹಿಂದೆ, ಒಂದು ತಪ್ಪಿನಿಂದ. ಗಂಡ ಎದೆಗೆ ಗಾಳಿ ಹೊಡೆಸಿಕೊಂಡು ಸುಸ್ತಾಗಿ ಬರುವುದನ್ನು ನೋಡಲಾರದೆ, ಉಳಿದ ದಪ್ಪ ಹಾಳೆಯಲ್ಲಿ ಹಳೆಯ ಬೈಕಿಗೊಂದು ಶೀಲ್ಡು ಮಾಡಿದರು. ಎತ್ತರ ಇದ್ದಷ್ಟೂ ಒಳ್ಳೆಯದು ಎಂದುಕೊಂಡು ಮೂಗಿನ ಮಟ್ಟಕ್ಕೆ ಏರಿಸಿದರು. ಯಜಮಾನರು "ಭಾರಿ ಚೆನ್ನಾಗಿದೆ" ಎಂದರು. ಮರುವಾರವೇ ತಲೆನೋವು ಶುರುವಾಯಿತು. ಕನ್ನಡಕ ಬದಲಾಯಿಸಿದರು, ದಿಂಬು ಬದಲಾಯಿಸಿದರು. ಅತ್ತೆಯಂತೂ ಮಗನ ಹಣೆಗೆ ಮುಲಾಮು ತಿಕ್ಕಿದ್ದೇ ತಿಕ್ಕಿದ್ದು. ಹೀಗೇ ಎರಡು ವರ್ಷ!

ಒಂದು ದಿನ ತಂಗಿಯ ಮನೆಗೆ ಹೋಗುವಾಗ ಹಿಂದೆ ಕೂತಿದ್ದ ಅಕ್ಕನಿಗೆ ಗಂಡನ ಹೆಲ್ಮೆಟ್ಟು ಗಡಗಡ ಅಲುಗುವುದು ಕಂಡಿತು. ಬೈಕು ನಿಲ್ಲಿಸಿ ಕೇಳಿದರೆ, "ನೀನು ಅಷ್ಟು ಇಷ್ಟಪಟ್ಟು ಮಾಡಿದ್ದೆ, ಹೇಗೆ ಹೇಳೋದು?" ಎಂಬ ಉತ್ತರ. ಅಕ್ಕ ಅಲ್ಲೇ ಸ್ಪ್ಯಾನರು ತೆಗೆದು ಶೀಲ್ಡು ಬಿಚ್ಚಿ ಕಂಕುಳಲ್ಲಿಟ್ಟುಕೊಂಡರು. ಮುಂದಿನ ದಾರಿಯುದ್ದಕ್ಕೂ ತಲೆ ಒಂದಿಷ್ಟೂ ಅಲುಗಲಿಲ್ಲ.

"ಅವತ್ತು ಎಷ್ಟು ಅತ್ತೆ ಅಂತೀರಿ! ಸಿಟ್ಟು ಅವರ ಮೇಲೋ ನನ್ನ ಮೇಲೋ ಗೊತ್ತಾಗ್ಲಿಲ್ಲ. ಎರಡು ವರ್ಷ ನನ್ನ ಕೈಯಾರೆ ಅವರ ತಲೆಗೆ ಗಾಳಿ ಹೊಡೆಸಿದ್ದೆ," ಎನ್ನುವಾಗ ಈಗಲೂ ಅವರ ದನಿ ಸಣ್ಣಗಾಗುತ್ತದೆ.

ಕಲಿಸುವವರು ಯಾರೂ ಇರಲಿಲ್ಲ. ಬಟ್ಟೆ ಒಣಹಾಕಿದ ಹಗ್ಗದ ಮೇಲೆ ಉಲ್ಲನ್ನಿನ ಎಳೆಯೊಂದು ಗಾಳಿಗೆ ಆಡುವುದನ್ನು ನೋಡಿ ದಾರದ ಉಪಾಯ ಹೊಳೆಯಿತು. ಮೊದಲು ರಟ್ಟಿನಲ್ಲಿ ಆಕಾರ ನೋಡುವುದು, ಆಮೇಲೆ ಹಾಳೆ ಕತ್ತರಿಸುವುದು, ಬಿಸಿ ಮಾಡಿ ಬಗ್ಗಿಸುವುದು, ಉಪ್ಪುಕಾಗದದಲ್ಲಿ ಅಂಚು ಉಜ್ಜುವುದು. ಪ್ರತಿ ಶೀಲ್ಡಿಗೂ ಕಡಿಮೆಯೆಂದರೆ ಮೂರು ಸವಾರಿ. ವಾರಕ್ಕೆ ಎರಡೋ ಮೂರೋ ಆಗುತ್ತವೆ. ಇಲ್ಲಿಯವರೆಗೆ ಆರುನೂರು ದಾಟಿರಬಹುದು ಎಂಬ ಅಂದಾಜು. ಒಂದೇ ಜಾತಿಯ ಬೈಕಾದರೂ ಒಬ್ಬರ ಅಳತೆ ಇನ್ನೊಬ್ಬರಿಗೆ ಆಗುವುದಿಲ್ಲ, ಏಕೆಂದರೆ ಕೂತವರ ಎತ್ತರ ಬೇರೆ, ಕೂರುವ ಭಂಗಿ ಬೇರೆ.

ಹಳ್ಳಿ ಹಳ್ಳಿ ಸುತ್ತುವ ದನದ ಡಾಕ್ಟರೊಬ್ಬರು ಅಂಗಡಿಯಲ್ಲೇ ಸಿಗುತ್ತಾರೆ. "ಇನ್ನೂ ಎತ್ತರದ್ದು ಹಾಕಿಕೊಡಿ ಅಂತ ಬಂದೆ. ಅಕ್ಕ ಇದ್ದದ್ದನ್ನೂ ನಾಲ್ಕು ಬೆರಳು ಕತ್ತರಿಸಿಬಿಟ್ರು! ಎದೆ ಒಡೆದುಹೋಯ್ತು ನನಗೆ. ಈಗ ನೋಡಿ, ಕಿವಿಯ ಗುಂಯ್‌ ನಿಂತು, ಮನೆಗೆ ಹೋದ್ರೆ ಹೆಂಡತಿ ಹೇಳೋದು ಒಂದೇ ಸಲಕ್ಕೆ ಕೇಳಿಸುತ್ತೆ. ಅದೊಂದೇ ತೊಂದರೆ," ಎಂದು ಕಣ್ಣು ಮಿಟುಕಿಸುತ್ತಾರೆ.

ಗಂಡನ ಬೈಕಿನ ಶೀಲ್ಡಿಗೂ ಅಕ್ಕ ಇದನ್ನೇ ಮಾಡಿದ್ದಾರೆ. ಮೇಲಿಂದ ನಾಲ್ಕು ಬೆರಳು ಕತ್ತರಿಸಿ, ಕೆಳಗಡೆ ಎರಡು ಬೆರಳು ಸಂದು ಬಿಟ್ಟಿದ್ದಾರೆ. "ಗಾಳೀನ ಪೂರ್ತಿ ತಡೀತೀನಿ ಅಂತ ಹೋದ್ರೆ ಅದು ಶೀಲ್ಡಿನ ಹಿಂದೆ ಸುತ್ತಿಕೊಂಡು ಬಂದು ತಲೆಗೇ ಹೊಡೆಯುತ್ತೆ. ಕೆಳಗೆ ಒಂಚೂರು ದಾರಿ ಬಿಟ್ರೆ ಆ ಸುತ್ತೋದು ಕಮ್ಮಿ ಆಗುತ್ತೆ," ಎನ್ನುತ್ತಾರೆ. ಬೈಕು ಮಾಡುವವರೇ ಶೀಲ್ಡನ್ನು ಮೇಲೆ ಕೆಳಗೆ ಸರಿಸುವ ಹಾಗೆ ಮಾಡಿಬಿಟ್ಟರೆ? "ಮಾಡ್ಲಿ, ದೇವರು ಒಳ್ಳೇದು ಮಾಡ್ಲಿ. ನಾನು ಹಾಯಾಗಿ ಅಕ್ಷರ ಕತ್ತರಿಸ್ಕೊಂಡಿರ್ತೀನಿ."

ಆರೂವರೆಗೆ ಯಜಮಾನರು ಒಬ್ಬರೇ ಕೆಲಸಕ್ಕೆ ಹೊರಡುತ್ತಾರೆ. ದಾರಗಳೆಲ್ಲ ಮಲಗಿವೆಯಲ್ಲ, ಇನ್ನೇನು ಚಿಂತೆ ಎಂದು ನಾವು ಕೇಳಿದರೆ ಅಕ್ಕ ಹಾಗಲ್ಲವೆಂದು ತಲೆಯಾಡಿಸುತ್ತಾರೆ. "ಹಿಂದೆ ನಾನು ಕೂತಾಗ ಗಾಳಿ ಹೋಗೋ ರೀತಿ ಬೇರೆ, ಅವರೊಬ್ಬರೇ ಇದ್ದಾಗ ಬೇರೆ. ಲಾರಿ ಗಾಳಿ, ಪಕ್ಕದ ಗಾಳಿ ಎಲ್ಲಾ ಇರುತ್ತೆ. ಅದನ್ನ ಅವರೇ ಹೇಳ್ಬೇಕು. ದಾರ ಸುಳ್ಳು ಹೇಳಲ್ಲ, ಇವರು ಹೇಳ್ತಾರೆ. ಹೊಸ ಬೈಕು ಬಂದಾಗಲೂ ಪರವಾಗಿಲ್ಲ ಪರವಾಗಿಲ್ಲ ಅಂತಲೇ ಹತ್ತು ತಿಂಗಳು ತಳ್ಳಿದ್ರು."

ಹಗಲೆಲ್ಲ ಅಕ್ಕ ಔಷಧಿ ಅಂಗಡಿಯೊಂದರ ಬೋರ್ಡಿಗೆ ಅಕ್ಷರ ಕತ್ತರಿಸುತ್ತಾರೆ. ಒಂದು ಅಕ್ಷರದ ಕೊಂಬು ಕೈತಪ್ಪಿ ತುಂಡಾಗುತ್ತದೆ. ರಸ್ತೆಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಗರಗಸ ನಿಲ್ಲುತ್ತದೆ.

ಮೂರು ಗಂಟೆಗೆ ಯಜಮಾನರು ಬರುತ್ತಾರೆ. ಹೆಲ್ಮೆಟ್ಟು ಕಳಚಿ ಬೆಂಚಿನ ಮೇಲಿಟ್ಟು, ಎರಡು ಲೋಟ ನೀರು ಕುಡಿಯುತ್ತಾರೆ.

"ತಲೆ ಅಲುಗ್ಲಿಲ್ಲ," ಎನ್ನುತ್ತಾರೆ. "ಲಾರಿ ಹಿಂದೆ ಸಿಕ್ಕಿಹಾಕಿಕೊಂಡಾಗ ಸ್ವಲ್ಪ, ಅಷ್ಟೇ. ಕತ್ತು ಹಗುರಾಗಿದೆ."

ಅಕ್ಕ ಕನ್ನಡಕದ ಮೇಲಿಂದ ಗಂಡನ ಮುಖವನ್ನೇ ದಿಟ್ಟಿಸುತ್ತಾರೆ. ಈ ಮಾತನ್ನು ಅವರು ಎಷ್ಟು ಸಲ ಕೇಳಿಲ್ಲ!

ಯಜಮಾನರು ಗಂಟಲು ಸರಿಮಾಡಿಕೊಳ್ಳುತ್ತಾರೆ. "ಆದ್ರೆ ಒಂದು ಮಾತು, ಬೇಜಾರು ಮಾಡ್ಕೋಬೇಡ. ಎದೆಗೆ ಗಾಳಿ ಜಾಸ್ತಿ ಬಡಿಯುತ್ತೆ ಕಣೇ, ಭುಜ ಹಿಡ್ಕೊಂಡಿದೆ. ಎಡಗಡೆ ಸ್ಕ್ರೂ ಕಿರಗುಟ್ಟಿ ಕಿರಗುಟ್ಟಿ ಪ್ರಾಣ ತಿಂತು. ನೋಡೋಕೂ ಅಷ್ಟೇನಿಲ್ಲ, ಬೋಳು ಬೋಳಾಗಿದೆ."

ಅಕ್ಕ ನಗಲು ಶುರು ಮಾಡುತ್ತಾರೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

"ಬರೆದುಕೊಳ್ಳಿ," ಎನ್ನುತ್ತಾರೆ ನಮ್ಮ ಕೈಲಿದ್ದ ನೋಟ್‌ಬುಕ್ಕಿನ ಕಡೆ ಕೈ ತೋರಿಸಿ. "ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ಇವರು ಮೊದಲ ಸಲ ನನ್ನ ಕೆಲಸದಲ್ಲಿ ತಪ್ಪು ಹುಡುಕಿದ್ದಾರೆ. ಅದೂ ಒಂದಲ್ಲ, ಮೂರು! ಹಾಗಾದ್ರೆ ತಲೆ ಅಲುಗ್ಲಿಲ್ಲ ಅಂದದ್ದು ನಿಜಾನೇ. ಸೋಮವಾರ ಇವರು ರಸ್ತೆಗೇ ಹೋಗೋದು."