ಕೊಕ್ಕೆ ಸಾಹೇಬರು
ಹಳ್ಳಿ ಆಸ್ಪತ್ರೆಗಳು ರಿಯಾಯಿತಿ ದರದ ಇಂಟರ್ನೆಟ್ಟಿಗೆ ಹಾಕುವ ಅರ್ಜಿಗಳನ್ನು ಪರಿಶೀಲಿಸುವ ಗುಮಾಸ್ತರಿಗೆ ನಾವು ನರ್ಸುಗಳು ಇಟ್ಟ ಹೆಸರು ಕೊಕ್ಕೆ ಸಾಹೇಬರು. ಸಾಲುಸಾಲಿಗೂ ಅಡಿಪಟ್ಟಿ ಇಟ್ಟು ಓದುತ್ತಾರೆ. ಮೊಸರಲ್ಲಿ ಕಲ್ಲು ಹುಡುಕುವವರು ಬೇಕಾದಷ್ಟಿದ್ದಾರೆ. ಇವರು ಸಿಕ್ಕ ಕಲ್ಲಿಗೆ ಕ್ರಮಸಂಖ್ಯೆಯನ್ನೂ ಕೊಡುವವರು. "ಇದೊಂದು ಸರಿ ಮಾಡ್ಕೊಂಡು ಬಂದ್ಬಿಡಿ ಸಿಸ್ಟರ್" ಎಂಬುದು ಅವರ ನಿತ್ಯದ ಮಂತ್ರ. ಮೊಹರು ಮಸುಕಾಗಿದೆಯೆಂದು ಮೂರನೇ ಸಲ ನನ್ನ ಅರ್ಜಿ ಮರಳಿಸಿದಾಗ ಅಳುವೇ ಬಂತು. "ಇಸಿಜಿ ಕಳಿಸೋಕೆ ಸಿಗ್ನಲ್ ಹುಡುಕ್ಕೊಂಡು ನಾವು ಗುಡ್ಡ ಹತ್ತಬೇಕು ಸಾರ್! ಒಂದು ಸೀಲಿಗೆ ಇಷ್ಟೊಂದಾ?" ಎಂದೆ. ಅವರು ತಲೆ ತಗ್ಗಿಸಿದರು. "ಒಂದ್ಸಲ ಪಾಪ ಅಂತ ಇಂಥದ್ದನ್ನೇ ಬಿಟ್ಟಿದ್ದೆ ಸಿಸ್ಟರ್. ಮೇಲಿನವರು ಅರ್ಜಿಯನ್ನೇ ತಳ್ಳಿಹಾಕಿದ್ರು. ಆ ಆಸ್ಪತ್ರೆ ಇಡೀ ವರ್ಷ ಲೈನಿಲ್ಲದೆ ಕೂತಿತ್ತು." ನಾಲ್ಕನೆಯ ಅರ್ಜಿ ಎಲ್ಲೂ ತಡೆಯದೆ ಮಂಜೂರಾಯಿತು. ಮೊನ್ನೆ ಎದೆನೋವೆಂದು ಬಂದ ನಮ್ಮೂರ ಶಾಲೆಯ ಮೇಷ್ಟರ ಇಸಿಜಿ ಎರಡೇ ನಿಮಿಷದಲ್ಲಿ ಪಟ್ಟಣದ ಹೃದಯತಜ್ಞರನ್ನು ತಲುಪಿತು, ಮೇಷ್ಟರು ಉಳಿದರು. ಸಾಹೇಬರಿಗೆ ಫೋನ್ ಮಾಡಿ ಹೇಳಿದೆ, ನಿಮ್ಮ ಉಪಕಾರ ಮರೆಯಲ್ಲ ಎಂದೆ. ಅವರು, "ಮುಂದಿನ ವರ್ಷದ ಅರ್ಜಿಗೆ ನೀವು ಇಲ್ಲೀವರೆಗೆ ಬರಬೇಡಿ ಸಿಸ್ಟರ್. ನಾನೇ ಅಲ್ಲಿಗೆ ಬಂದು ತುಂಬಿಸ್ಕೊಡ್ತೀನಿ. ಮೇಷ್ಟರನ್ನೂ ಒಮ್ಮೆ ನೋಡಿದ ಹಾಗಾಗುತ್ತೆ," ಎಂದರು.