ಹೊಸತೊಡಕಿಗೆ ಉಳಿಸಿದ ಎರಡು ಬಾತು

ಬಾತುಕೋಳಿ ಎಂದರೆ ನನಗೆ ಇವತ್ತಿಗೂ ಆಗುವುದಿಲ್ಲ. ದಿಲ್ಲಿಯ ಜನಕಪುರಿಯಲ್ಲಿ ನಮ್ಮ ಕೆಳಮನೆಯ ಹಿಂದೆ ನಾಲ್ಕು ಮಂಚ ಹಾಕುವಷ್ಟು ಅಂಗಳವಿತ್ತು. ಅಲ್ಲಿ ಮೊಟ್ಟೆಗೆಂದು ಆರು ಹೇಂಟೆ ಸಾಕಿಕೊಂಡು ನೆಮ್ಮದಿಯಾಗಿದ್ದೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಒಂದು ಸಂಜೆ ರಟ್ಟಿನ ಡಬ್ಬದಲ್ಲಿ ಐದು ಬಾತುಮರಿ ತಂದರು.

"ಮೊಟ್ಟೆಗೂ ಆಯ್ತು, ಬಾಡೂಟಕ್ಕೂ ಆಯ್ತು" ಎಂದರು.

ಗಲೀಜು ಎಂದರೇನೆಂದು ಆಮೇಲೆ ಗೊತ್ತಾಯಿತು. ಹಳೆಯ ಕೂಲರಿನ ತಗಡಿನ ತಳದಲ್ಲಿ ನೀರು ತುಂಬಿಸಿಟ್ಟರೆ ಅರ್ಧ ಗಂಟೆಯಲ್ಲಿ ಅದು ಹಸಿರು ಗಂಜಿಯಾಗುತ್ತಿತ್ತು. ಅದರಲ್ಲೇ ಹಿಕ್ಕೆ ಹಾಕಿ, ಅದನ್ನೇ ಕುಡಿದು, ಅದೇ ಕೊಕ್ಕನ್ನು ಕೋಳಿಗಳ ನುಚ್ಚಿಗೆ ಅದ್ದುತ್ತಿದ್ದವು. ಕೋಳಿಯ ಹಿಕ್ಕೆಯನ್ನು ಗುಡಿಸಬಹುದು, ಬಾತಿನದನ್ನು ಬಳಿಯಬೇಕು. ದಿಲ್ಲಿಯ ಬಿಸಿಲಿಗೆ ಆ ಗಬ್ಬು ನಾತ ಒಗೆದು ಒಣಹಾಕಿದ ಬಟ್ಟೆಗೂ ಹತ್ತುತ್ತಿತ್ತು.

ಬೆಳೆದ ಮೇಲೆ ಮೂರು ಬಾತುಗಳು ಬೆಳಗಿನ ಐದಕ್ಕೇ ಕಿರುಚತೊಡಗಿದವು. ಉಳಿದೆರಡು ಗಂಟಲು ಕಟ್ಟಿದವರ ಹಾಗೆ ಗೊರಗೊರ ಅನ್ನುತ್ತಿದ್ದವು ಅಷ್ಟೇ. ಮೇಲಿನ ಮನೆಯ ಆಂಟಿ ಇಳಿದು ಬಂದು, "ಭಾಯಿ ಸಾಬ್, ನಮ್ಮ ನಿದ್ದೆ ಹರಾಮ್ ಆಗಿದೆ" ಎನ್ನುವ ಅರ್ಥದಲ್ಲಿ ಹಿಂದಿಯಲ್ಲಿ ಕೂಗಾಡಿದ್ದೇ ಸಾಕಾಯಿತು. ಮೂರು ಭಾನುವಾರಗಳಲ್ಲಿ ನನ್ನ ಗಂಡ ಆ ಮೂರನ್ನೂ ಕೊಯ್ದರು.

"ಗಲಾಟೆ ಮಾಡೋವು ಮೊದ್ಲು ಹೋಗ್ಲಿ. ಸುಮ್ನಿರೋ ಎರಡು ಹೊಸತೊಡಕಿಗೆ ಇರ್ಲಿ" ಎಂದರು. ಯುಗಾದಿಯ ಮರುದಿನ ಕಚೇರಿಯ ಕನ್ನಡದ ಗೆಳೆಯರನ್ನು ಬಾಡೂಟಕ್ಕೆ ಕರೆಯುವುದು ಅವರ ವಾಡಿಕೆ.

ಕಿರುಚುವುದು ಹೆಣ್ಣು ಬಾತು, ಗಂಡಿಗೆ ಅಷ್ಟು ದನಿಯೇ ಇಲ್ಲ ಎನ್ನುವುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಹೆಣ್ಣುಗಳೆಲ್ಲ ಸಾರಾಗಿ ಮುಗಿದ ಮೇಲೆ ಆ ಎರಡು ಗಂಡುಗಳು ನನ್ನ ಹೇಂಟೆಗಳ ಮೇಲೆ ಬಿದ್ದವು. ಒಂದು ಕುತ್ತಿಗೆಯ ಪುಕ್ಕ ಕಚ್ಚಿ ನೆಲಕ್ಕೆ ಅದುಮಿ ಹತ್ತುತ್ತಿತ್ತು, ಇನ್ನೊಂದು ಪಕ್ಕದಲ್ಲೇ ಸರದಿಗೆ ಕಾಯುತ್ತಿತ್ತು. ನೋಡಲಾರದೆ ನಾನು ಪೊರಕೆ ಎಸೆಯುತ್ತಿದ್ದೆ. ಒಂದು ಹೇಂಟೆ ಸತ್ತಾಗ ಮಾರ್ಕೆಟ್ಟಿನ ಕೋಳಿ ಅಂಗಡಿಯ ಭಯ್ಯಾನನ್ನು ಕೇಳಿದೆ. ಹೆಣ್ಣು ಬಾತುಗಳನ್ನು ಕಡಿದುಬಿಟ್ಟಿದ್ದೀರಿ, ಇನ್ನು ಇವು ಕೋಳಿಗಳನ್ನು ಬಿಡುವುದಿಲ್ಲ, ಕೋಳಿಗೆ ಒಳಗೇ ಹರಿದುಹೋಗುತ್ತದೆ ಎಂದ ಅವನು.

"ಈ ಭಾನುವಾರವೇ ಕೊಯ್ದುಬಿಡ್ರೀ" ಎಂದು ಗಂಡನಿಗೆ ಹೇಳಿದೆ.

"ಇನ್ನು ಮೂರು ವಾರ ತಾನೆ? ಪ್ರಕೃತಿ ಕಣೇ ಅದು" ಎಂದು ಅವರು ನಕ್ಕರು. ಆ ನಗು ಕಂಡು ನನಗೆ ಬಾತುಗಳಿಗಿಂತ ಅವರ ಮೇಲೇ ಹೇಸಿಗೆಯಾಯಿತು.

ಗಂಡುಗಳ ಮೇಲೆ ನಾನು ಬುಟ್ಟಿ ಕವುಚಿದರೆ, ಮೈ ಇಳಿದುಹೋಗುತ್ತದೆಂದು ಅವರು ಬಂದು ಹೊರಗೆ ಬಿಡುತ್ತಿದ್ದರು. ಹನ್ನೆರಡು ವರ್ಷದ ನಮ್ಮ ಮಗಳು ಶಾಲೆಯಿಂದ ಬಂದವಳೇ ಕೋಲು ಹಿಡಿದು ಅಂಗಳದಲ್ಲಿ ಕೂರುತ್ತಿದ್ದಳು. ಅವಳ ತೊಡೆಯ ಮೇಲೆ ಚುಕ್ಕೆಯ ಹೇಂಟೆ.

"ಮಮ್ಮಿ, ಇಸ್‌ಕೋ ತೋ ಬಚಾ ಲೋ. ಪ್ಲೀಸ್, ಇದನ್ನಾದ್ರೂ ಉಳಿಸು" ಎಂದಳು.

ಉಳಿಸುತ್ತೇನೆ ಎಂದು ಮಾತು ಕೊಟ್ಟೆ. ಕತ್ತಿ ನನ್ನ ಅಡುಗೆಮನೆಯಲ್ಲೇ ಇತ್ತು. ಗಂಡ ರೇಗುತ್ತಾರೆಂದು ಮುಟ್ಟಲಿಲ್ಲ. ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ಕಲಸುವ ಹೊತ್ತಿಗೆ ಚುಕ್ಕೆಯ ಹೇಂಟೆ ಆ ಹಸಿರು ನೀರಿನ ಪಕ್ಕ ಬೋಳು ಕುತ್ತಿಗೆ ಚಾಚಿ ಸತ್ತು ಬಿದ್ದಿತ್ತು. ಮಗಳು ಅಳಲಿಲ್ಲ, ಹಳೆಯ ದುಪಟ್ಟಾದಲ್ಲಿ ಅದನ್ನು ಸುತ್ತಿದಳು.

ಮರುದಿನ ನಾನೇ ಮಸಾಲೆ ಅರೆದೆ, ನಾನೇ ಮುದ್ದೆ ಕಟ್ಟಿದೆ. ಗೆಳೆಯರು ಉಣ್ಣುತ್ತಿದ್ದಾಗ ನನ್ನ ಗಂಡ ಬಾತುಗಳ ಪ್ರತಾಪವನ್ನೆಲ್ಲ ತಮಾಷೆ ಮಾಡಿ ಬಣ್ಣಿಸಿದರು. ಒಬ್ಬರು ಮೂಳೆ ಚೀಪುತ್ತಾ, "ಅದಕ್ಕೇ ಇಷ್ಟು ರುಚಿ! ಗಂಡಸು ಅಂದ್ರೆ ಹಿಂಗಿರ್ಬೇಕು" ಎಂದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸೌಟು ಹಿಡಿದು ಅಲ್ಲೇ ನಿಂತಿದ್ದ ನಾನು ಇನ್ನೊಂದಿಷ್ಟು ಸಾರು ಬಡಿಸಿ ಒಳಗೆ ಬಂದೆ.

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಮೈನೇ ದೇಖಾ, ಮಮ್ಮಿ. ನಾನು ನೋಡ್ದೆ" ಎಂದಳು. "ನೀನೂ ನಕ್ಕೆ."

ಹೌದು, ನಕ್ಕಿದ್ದೆ.